ಕೋಲಾರದ ‘ಬಿಷಪ್ ಸೆಟ್’: ಯಾವುದನ್ನು ಹೊಲಿಸಬೇಕು, ಯಾವುದನ್ನು ಬಿಡಬೇಕು

ಕೋಲಾರ ಪೇಟೆಯ ಒಂದು ಸಣ್ಣ ಹೊಲಿಗೆಮನೆ ಕ್ಯಾಥೊಲಿಕ್ ಚರ್ಚುಗಳಿಗೆಂದೇ ‘ಬಿಷಪ್ ಸೆಟ್’, ಅಂದರೆ ಧರ್ಮಾಧ್ಯಕ್ಷರು (ಬಿಷಪ್) ಪೂಜೆ ನಡೆಸುವಾಗ ಬೇಕಾಗುವ ಬಟ್ಟೆಗಳನ್ನು ಹೊಲಿದುಕೊಡುತ್ತದೆ. ಒಂದು ಸೆಟ್ಟಿನಲ್ಲಿ ಆರು ವಸ್ತು: ಚಾಸುಬಲ್ (ಪೂಜೆಗೆ ಎಲ್ಲಕ್ಕಿಂತ ಮೇಲೆ ಧರಿಸುವ ಅಗಲದ ಅಂಗಿ), ಅದಕ್ಕೆ ಹೊಂದುವ ಸ್ಟೋಲ್ (ಕೊರಳ ಪಟ್ಟಿ), ಮೈಟರ್ (ಧರ್ಮಾಧ್ಯಕ್ಷರ ಎತ್ತರದ ಟೋಪಿ), ಎರಡು ವಿಂಪಾ (ಪೀಠಸೇವಕರ ಶಾಲು), ಒಂದು ಗ್ರೆಮಿಯಲ್ (ಮುಂಗವಚ). ದೃಢೀಕರಣ ಸಂಸ್ಕಾರಕ್ಕೆ (ಮಕ್ಕಳ ಹಣೆಗೆ ತೈಲ ಹಚ್ಚಿ ವಿಶ್ವಾಸ ದೃಢಪಡಿಸುವ ವಿಧಿ) ಧರ್ಮಾಧ್ಯಕ್ಷರು ಬರುವ ದಿನ ಗೊತ್ತಾದ ಮೇಲೆ ಪೂಜಾವಸ್ತ್ರಕ್ಕಾಗಿ ಬೆಂಗಳೂರಿನ ಶಿವಾಜಿನಗರಕ್ಕೆ ಓಡುವ ಕೆಲಸ ಮಾಲೂರು, ಬಂಗಾರಪೇಟೆ, ಮುಳಬಾಗಿಲು, ಕೆಜಿಎಫ್ ಕಡೆಯವರಿಗೆ ಇದರಿಂದ ತಪ್ಪುತ್ತದೆ. ಮೊದಲೇ ಹೇಳಿಬಿಡುವುದಾದರೆ, ಚಾಸುಬಲ್ ಮತ್ತು ಸ್ಟೋಲ್ ಧೈರ್ಯವಾಗಿ ಹೊಲಿಸಿ. ವಿಂಪಾ ಹೊಲಿಸುವಾಗ ಕೆಲವು ಬದಲಾವಣೆ ಹೇಳಲೇಬೇಕು. ಮೈಟರ್ ಬೇಡ.

ಬಟ್ಟೆಯ ವಿಷಯದಲ್ಲಿ ಇವರನ್ನು ಮೆಚ್ಚಲೇಬೇಕು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹತ್ತಿರದ ಸೀಮೆ ಇದು; ರೇಷ್ಮೆಯನ್ನು ಬೆರಳಲ್ಲಿ ಉಜ್ಜಿಯೇ ಗುರುತು ಹಿಡಿಯುವ ಜನ ಅಂಗಡಿಯಲ್ಲಿದ್ದಾರೆ. ಕೇಳಿದರೆ ಒಂದೆರಡು ಎಳೆ ಕಿತ್ತು ಸುಟ್ಟು ತೋರಿಸುತ್ತಾರೆ. ಅಸಲಿ ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆಯೇ ಆಗಬೇಕೆಂಬ ಕಟ್ಟಳೆ ಧರ್ಮಸಭೆಯಲ್ಲಿಲ್ಲ. ಆಯಾ ಪ್ರದೇಶದ ನೈಸರ್ಗಿಕ ಬಟ್ಟೆಗೂ, ಪೂಜೆಯ ಘನತೆಗೆ ತಕ್ಕ ಕೃತಕ ಬಟ್ಟೆಗೂ ಅನುಮತಿ ಇದೆ. ಆದರೆ ಏಪ್ರಿಲ್, ಮೇ ತಿಂಗಳ ಕೋಲಾರದ ಬಿಸಿಲಲ್ಲಿ ದಪ್ಪ ಪಾಲಿಯೆಸ್ಟರ್ ಬ್ರೊಕೇಡ್ ಹೊತ್ತು ಎರಡು ತಾಸು ನಿಲ್ಲುವವರ ಪಾಡು ನೋಡಿದರೆ ತೆಳು ರೇಷ್ಮೆಗೆ ಕೊಟ್ಟ ಹಣ ಹೆಚ್ಚೆನಿಸುವುದಿಲ್ಲ.

ಚಾಸುಬಲ್‌ನ ಅಳತೆಯಲ್ಲಿ ಒಂದು ಎಚ್ಚರಿಕೆ ಬೇಕು. ಇವರ ಮಾದರಿ ತೋಳಿನುದ್ದಕ್ಕೆ 62 ಇಂಚು ಅಗಲ. ನಿಂತು ಫೋಟೊ ತೆಗೆಸಿಕೊಳ್ಳಲು ಅದು ಚೆಂದ. ಆದರೆ ದೃಢೀಕರಣದಲ್ಲಿ ಧರ್ಮಾಧ್ಯಕ್ಷರು ಒಬ್ಬೊಬ್ಬರ ಹಣೆಗೂ ಬಲಗೈ ಹೆಬ್ಬೆರಳಿನಿಂದ ಕ್ರಿಸ್ಮಾ ಎಂಬ ಪವಿತ್ರ ತೈಲದ ಶಿಲುಬೆ ಗುರುತು ಹಾಕಬೇಕು. ಅರವತ್ತು ಎಪ್ಪತ್ತು ಮಕ್ಕಳಿದ್ದರೆ ಅಷ್ಟು ಸಲವೂ ಕೈ ಏಳಬೇಕು, ಇಳಿಯಬೇಕು. ಬಟ್ಟೆ ಮಣಿಕಟ್ಟು ದಾಟಿದ್ದರೆ ಪ್ರತಿ ಸಲ ಜಾರಿ ಬೆರಳ ಮೇಲೆ ಬೀಳುತ್ತದೆ, ಅಂಚು ಎಣ್ಣೆ ಕುಡಿಯುತ್ತದೆ. 56 ಇಂಚು ಸಾಕು. ಉದ್ದ 50ರಿಂದ 52 ಇಂಚು. 44 ಇಂಚು ಪನ್ನದ (ಅಗಲದ) ಬಟ್ಟೆಯಾದರೆ ಸುಮಾರು 4 ಮೀಟರ್, ಅಸ್ತರಿಗೆ ಅಷ್ಟೇ. ಕೆಂಪು ರೇಷ್ಮೆಗೆ ಬಿಳಿ ಅಸ್ತರಿ ಹಾಕಿಸುವ ಮುಂಚೆ ಒದ್ದೆ ಬಿಳಿ ಹತ್ತಿ ಬಟ್ಟೆಯಿಂದ ಕೆಂಪನ್ನು ಗಟ್ಟಿಯಾಗಿ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಬೆವರಿಗೂ ಬಿಡುತ್ತದೆ, ಒಳಗೆ ತೊಡುವ ಬಿಳಿ ನಿಲುವಂಗಿ ಆಲ್ಬ್ ಹಾಳಾಗುತ್ತದೆ.

ಕಸೂತಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅಂಗಡಿಯವರ ಕೈಚಳಕವೂ ಇಲ್ಲೇ, ತೊಂದರೆಯೂ ಇಲ್ಲೇ. ಪೂಜೆಗೆ ಬರುವವರು ಯಾರು ಎಂಬುದೂ ಇಲ್ಲಿ ಮುಖ್ಯ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ (ಆರ್ಚ್‌ಡಯಾಸಿಸ್) ಸೇರಿವೆ. 2018ರಿಂದ ಪೀಟರ್ ಮಚಾದೊ ಅವರು ಮಹಾಧರ್ಮಾಧ್ಯಕ್ಷರು. ಅವರೇ ಬಂದರೆ ಚಾಸುಬಲ್ ಮೇಲೆ ಪಾಲಿಯಂ ಧರಿಸಬಹುದು: ಕುತ್ತಿಗೆ ಸುತ್ತ ಬಂದು ಎದೆಗೂ ಬೆನ್ನಿಗೂ ಇಳಿಯುವ ಬಿಳಿ ಉಣ್ಣೆಯ ಪಟ್ಟಿ, ಅದರ ಮೇಲೆ ಆರು ಕಪ್ಪು ಶಿಲುಬೆ. ಎದೆ, ಎಡ ಭುಜ, ಬೆನ್ನು ಈ ಮೂರು ಕಡೆ ಅದಕ್ಕೆ ಪಿನ್ನು. ಸಹಾಯಕ ಧರ್ಮಾಧ್ಯಕ್ಷರು ಬಂದರೆ ಪಾಲಿಯಂ ಇರುವುದಿಲ್ಲ. ಅಂಗಡಿಯ ಮಾದರಿಯಲ್ಲಿ ಕುತ್ತಿಗೆಯಿಂದ ಭುಜದವರೆಗೆ ಉಬ್ಬಿದ ಜರಿ ಕಸೂತಿ ತುಂಬಿದೆ. ಅದರ ಮೇಲೆ ಪಾಲಿಯಂ ಸಮನಾಗಿ ಕೂರದೆ ಒಂದು ಕಡೆಗೆ ವಾಲುತ್ತದೆ, ಪಿನ್ನಿನ ತುದಿ ಜರಿ ಎಳೆಗೆ ಸಿಕ್ಕಿಕೊಳ್ಳುತ್ತದೆ. ಎದೆಶಿಲುಬೆಯ ಸರಪಳಿಗೂ ಇದೇ ಗತಿ. ಪೂಜೆಯಲ್ಲಿ ಅದು ಚಾಸುಬಲ್‌ನ ಒಳಗಿರಬೇಕೆಂದು ವಿಧಿ ಇದ್ದರೂ ಹೊರಗೆ ಹಾಕಿಕೊಳ್ಳುವವರು ಬಹಳ. ಕುತ್ತಿಗೆಯ ಸುತ್ತ ಆರು ಇಂಚು ಕಸೂತಿ ಬೇಡವೆಂದು ಹೇಳಿ, ಕೆಲಸವನ್ನೆಲ್ಲ ಕೆಳಗಿನ ನಡುಪಟ್ಟಿಗೆ ಇಳಿಸಿ. ಗೋಧಿ ತೆನೆ, ದ್ರಾಕ್ಷಿ, ಪವಿತ್ರಾತ್ಮರ ಪಾರಿವಾಳ ಇವನ್ನು ಇಲ್ಲಿನ ಕೆಲಸಗಾರರು ಕೈಯಲ್ಲೇ ತುಂಬುತ್ತಾರೆ. ಪಾರಿವಾಳದ ರೆಕ್ಕೆಗೆ ಬಿಳಿಯ ಜೊತೆ ತಿಳಿಬೂದು ರೇಷ್ಮೆ ಎಳೆ ಸೇರಿಸಿ, ಗರಿ ಗರಿಯೂ ಎಣಿಸುವಂತೆ ಹೊಲಿದಿರುವುದನ್ನು ಹತ್ತಿರದಿಂದ ನೋಡಬೇಕು. ಇಂಥ ಕೆಲಸ ಯಂತ್ರದ ಕಸೂತಿಯಲ್ಲಿ ಬರುವುದಿಲ್ಲ.

ಧರ್ಮಾಧ್ಯಕ್ಷರ ಪದವಿ ತೋರಿಸುವ ಲಾಂಛನ ಮಾತ್ರ ಕಂಪ್ಯೂಟರ್ ಕಸೂತಿ, ಮತ್ತು ಅವರಲ್ಲಿ ಇರುವುದು ಒಂದೇ ವಿನ್ಯಾಸ. ಹಸಿರು ಟೋಪಿಯ ಎರಡೂ ಬದಿ ಇಳಿಯುವ ಕುಚ್ಚುಗಳನ್ನು ಎಣಿಸಿ. ಧರ್ಮಾಧ್ಯಕ್ಷರಿಗೆ ಬದಿಗೆ ಆರು, ಮಹಾಧರ್ಮಾಧ್ಯಕ್ಷರಿಗೆ ಬದಿಗೆ ಹತ್ತು. ಮಹಾಧರ್ಮಾಧ್ಯಕ್ಷರ ಶಿಲುಬೆಗೆ ಎರಡು ಅಡ್ಡಪಟ್ಟಿ, ಉಳಿದವರಿಗೆ ಒಂದು. ಅಂಗಡಿಯ ವಿನ್ಯಾಸದಲ್ಲಿರುವುದು ಹತ್ತು ಕುಚ್ಚು. ಸಹಾಯಕ ಧರ್ಮಾಧ್ಯಕ್ಷರು ಬರುವ ಧರ್ಮಕೇಂದ್ರಕ್ಕೂ (ಪ್ಯಾರಿಷ್) ಅದನ್ನೇ ಹೊಲಿದುಕೊಟ್ಟರೆ ಗೊತ್ತಿದ್ದವರಿಗೆ ಮುಜುಗರ. ಲಾಂಛನವನ್ನು ಚಾಸುಬಲ್ ಮೇಲೆ ಹಾಕಿಸುವ ಅಗತ್ಯವೇ ಇಲ್ಲ. ಬರುವವರು ಬದಲಾದರೆ ಅದು ಬೀರುವಿಗೆ ಸೇರುತ್ತದೆ. ಲಾಂಛನವಿಲ್ಲದಿದ್ದರೆ ಅದೇ ಚಾಸುಬಲ್ ವರ್ಷವಿಡೀ ಧರ್ಮಕೇಂದ್ರದ ಗುರುಗಳಿಗೂ ಆಗುತ್ತದೆ, ಏಕೆಂದರೆ ಧರ್ಮಾಧ್ಯಕ್ಷರ ಚಾಸುಬಲ್ಲಿಗೂ ಗುರುಗಳ ಚಾಸುಬಲ್ಲಿಗೂ ಆಕಾರದಲ್ಲಿ ವ್ಯತ್ಯಾಸವಿಲ್ಲ.

ಕಾಲರ್ ವಿಷಯ ಚಿಕ್ಕದಾದರೂ ಮರೆಯಬೇಡಿ. ಇವರು ಹಾಕುವ ದಪ್ಪ ಮಡಿಕೆ ಕಾಲರ್ ಮೈಕಿನ ಕ್ಲಿಪ್ಪಿನ ಬಾಯಿಗೆ ಸಿಗುವುದಿಲ್ಲ. ಎದೆಯ ಹತ್ತಿರ ಒಳಗಡೆ ಎರಡು ಇಂಚಿನ ಪಟ್ಟಿಯೊಂದನ್ನು ಹೊಲಿಸಿಕೊಂಡರೆ ಪ್ರಬೋಧನೆಯ (ಉಪದೇಶದ) ಹೊತ್ತಿಗೆ ಕ್ಲಿಪ್ ಜಾರಿ ಗರಗರ ಸದ್ದು ಬರುವುದಿಲ್ಲ.

ಇನ್ನು ಮೈಟರ್. ಧರ್ಮಾಧ್ಯಕ್ಷರು ತಮ್ಮ ಮೈಟರ್, ಧರ್ಮದಂಡ, ಉಂಗುರ, ಎದೆಶಿಲುಬೆ ತಾವೇ ತರುತ್ತಾರೆ. ಕಾಣಿಕೆಯಾಗಿ ಕೊಡುವ ಉದ್ದೇಶವಿಲ್ಲದಿದ್ದರೆ ಮೈಟರ್‌ಗೆ ಹಣ ಹಾಕುವುದು ದಂಡ. ಕೊಡಲೇಬೇಕೆಂದಿದ್ದರೂ ಇಲ್ಲಿನದು ಬೇಡ ಎನ್ನಲು ಎರಡು ಕಾರಣ. ಒಂದು, ಅಳತೆಯನ್ನು ಬರಿ ತಲೆಗೆ ಹಿಡಿಯುತ್ತಾರೆ. ಮೈಟರ್ ಕೂರುವುದು ನೇರಳೆ ಬಣ್ಣದ ನೆತ್ತಿಟೋಪಿಯ ಮೇಲೆ, ಹಾಗಾಗಿ ಅದನ್ನು ಹಾಕಿಯೇ ಅಳೆಯಬೇಕು. ಎರಡು, ಒಳಗೆ ಗಟ್ಟಿತನಕ್ಕೆ ಬಳಸುವುದು ರಟ್ಟು. ಹಣೆಯ ಬೆವರು ತಾಗಿದರೆ ರಟ್ಟು ಮೆತ್ತಗಾಗಿ ಮುಂಭಾಗ ಒಳಕ್ಕೆ ಬಾಗುತ್ತದೆ. ಬಕ್ರಂ (ಅಂಟು ಹಾಕಿ ಗಟ್ಟಿ ಮಾಡಿದ ಬಟ್ಟೆ) ಇಲ್ಲವೇ ತೆಳು ಪ್ಲಾಸ್ಟಿಕ್ ಹಾಳೆ ಹಾಕಬೇಕಿತ್ತು. ಹಿಂದೆ ಇಳಿಬೀಳುವ ಎರಡು ಪಟ್ಟಿಗಳ ಹೊಲಿಗೆ ಚೆನ್ನಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ.

ವಿಂಪಾ ಇಡೀ ಸೆಟ್ಟಿನಲ್ಲಿ ಹೆಚ್ಚು ದುಡಿಯುವ ವಸ್ತು, ಅಂಗಡಿಯವರು ಕಡಿಮೆ ಗಮನ ಕೊಟ್ಟಿರುವುದೂ ಅದಕ್ಕೇ. ಮೈಟರ್ ಹಿಡಿಯುವ ಹುಡುಗ ಮತ್ತು ಧರ್ಮದಂಡ ಹಿಡಿಯುವ ಹುಡುಗ, ಈ ಇಬ್ಬರು ಪೀಠಸೇವಕರು ಹೆಗಲ ಮೇಲೆ ಹೊದ್ದು, ಬರಿಗೈ ತಾಗದಂತೆ ಆ ವಸ್ತುಗಳನ್ನು ಹಿಡಿಯುವ ಶಾಲು ಅದು. ದೃಢೀಕರಣದ ಬಲಿಪೂಜೆಯಲ್ಲಿ (ಮಾಸ್) ಮೈಟರ್ ಎಷ್ಟು ಸಲ ಕೈ ಬದಲಾಗುತ್ತದೆ ನೋಡಿ: ಮೆರವಣಿಗೆಯಲ್ಲಿ ತಲೆಯ ಮೇಲೆ, ಬಲಿಪೀಠಕ್ಕೆ ನಮಿಸುವಾಗ ಕೆಳಗೆ, ವಾಚನಕ್ಕೆ ಕುಳಿತಾಗ ಮೇಲೆ, ಶುಭಸಂದೇಶಕ್ಕೆ ಕೆಳಗೆ, ಆಗ ಕೈಯಲ್ಲಿ ದಂಡ, ಪ್ರಬೋಧನೆಗೆ ಮತ್ತೆ ಮೇಲೆ, ಮಕ್ಕಳ ಮೇಲೆ ಕೈಚಾಚಿ ಪ್ರಾರ್ಥಿಸುವಾಗ ಮೈಟರ್, ದಂಡ ಎರಡೂ ಕೆಳಗೆ, ತೈಲ ಹಚ್ಚುವಾಗ ಮೈಟರ್ ಮೇಲೆ. ಇವರು ವಿಂಪಾವನ್ನು ಪೂರಾ ಸ್ಯಾಟಿನ್‌ನಲ್ಲಿ ಹೊಲಿಯುತ್ತಾರೆ. ಹೆಗಲಿನಿಂದ ಜಾರುತ್ತದೆ, ಅದರೊಳಗಿಂದ ಹಿತ್ತಾಳೆಯ ದಂಡವೂ ಜಾರುತ್ತದೆ. ಹೊರಗೆ ಸ್ಯಾಟಿನ್ ಇರಲಿ, ಒಳಗೆ ಒರಟು ಹತ್ತಿ ಬಟ್ಟೆ ಹಾಕಿಸಿ. ಎದೆಯಲ್ಲಿ ಒಂದು ಕೊಕ್ಕೆ, ಎರಡೂ ತುದಿಯಲ್ಲಿ ಕೈ ತೂರಿಸಲು ಜೇಬು ಇಡಿಸಿ. ಉದ್ದ ಎರಡೂವರೆ ಮೀಟರ್ ಕೊಡುತ್ತಾರೆ, ಅದು ದೊಡ್ಡವರಿಗೆ. ಹನ್ನೆರಡು ವರ್ಷದ ಹುಡುಗರಿಗೆ ಎರಡು ಮೀಟರ್ ಸಾಕು, ಇಲ್ಲದಿದ್ದರೆ ತುದಿ ತುಳಿದು ಮೆಟ್ಟಿಲಲ್ಲಿ ಮುಗ್ಗರಿಸುತ್ತಾರೆ.

ಗ್ರೆಮಿಯಲ್ ಎಂದರೆ ತೈಲ ಹಚ್ಚುವಾಗ ಚಾಸುಬಲ್ ಕಾಪಾಡಲು ಕಟ್ಟುವ ಮುಂಗವಚ. ಲಿನನ್ ಬಟ್ಟೆ, ನೇರ ಹೊಲಿಗೆ, ಕಟ್ಟಲು ದಾರ, ಸಾಕು. ಚೆನ್ನಾಗಿದೆ. ಅಂಚಿನ ಲೇಸು ಬೇಡವೆನ್ನಿ, ಉಂಗುರಕ್ಕೆ ಸಿಕ್ಕಿಕೊಳ್ಳುತ್ತದೆ.

ಬಣ್ಣ ಆರಿಸುವಾಗ ಪಂಚಾಂಗ ನೋಡುವಷ್ಟೇ ಶ್ರದ್ಧೆಯಿಂದ ಪೂಜಾವಿಧಿಯ ಕ್ಯಾಲೆಂಡರ್ ನೋಡಿ. ದೃಢೀಕರಣದ ಬಲಿಪೂಜೆಗೆ ಕೆಂಪು ಇಲ್ಲವೇ ಬಿಳಿ ಎಂದು ಎಲ್ಲರಿಗೂ ಗೊತ್ತು. ಆದರೆ ಆಗಮನ ಕಾಲ (ಕ್ರಿಸ್ಮಸ್ಸಿಗೆ ಮುಂಚಿನ ವಾರಗಳು), ತಪಸ್ಸು ಕಾಲ (ಈಸ್ಟರಿಗೆ ಮುಂಚಿನ ವಾರಗಳು), ಪಾಸ್ಖ ಕಾಲದ (ಈಸ್ಟರಿನಿಂದ ಪೆಂತೆಕೋಸ್ತ್‌ವರೆಗೆ) ಭಾನುವಾರಗಳಲ್ಲಿ ಮತ್ತು ಮಹಾಹಬ್ಬಗಳಲ್ಲಿ ಆ ದಿನದ ಪೂಜೆಯೇ ನಡೆಯಬೇಕು, ಬಣ್ಣವೂ ಆ ದಿನದ್ದೇ. ಪಾಸ್ಖ ಕಾಲದ ಭಾನುವಾರಕ್ಕೆಂದು ಕೆಂಪು ಸೆಟ್ ಹೊಲಿಸಿದರೆ ಅಂದು ಬೇಕಾಗುವುದು ಬಿಳಿ. ಈ ಕಾಲದಲ್ಲಿ ಕೊನೆಯ ಪೆಂತೆಕೋಸ್ತ್ ಭಾನುವಾರವೊಂದೇ ಕೆಂಪು. ಗೊಂದಲವಿದ್ದರೆ ದಂತದ ಬಣ್ಣದ ರೇಷ್ಮೆಗೆ ಹೊನ್ನಿನ ನಡುಪಟ್ಟಿ ಹಾಕಿಸಿ, ಕ್ರಿಸ್ಮಸ್ಸಿಗೂ ಈಸ್ಟರಿಗೂ ಬರುತ್ತದೆ.

ತೈಲದ ಕಲೆ ಬಿದ್ದರೆ ನೀರು ಹಾಕಬೇಡಿ, ಬಿಸಿ ಇಸ್ತ್ರಿಯಂತೂ ಬೇಡವೇ ಬೇಡ, ಕಲೆ ನಾರಿಗೆ ಅಂಟಿಬಿಡುತ್ತದೆ. ಸೀಮೆಸುಣ್ಣದ ಪುಡಿ ಅಥವಾ ಟಾಲ್ಕಂ ಪೌಡರ್ ದಪ್ಪಗೆ ಉದುರಿಸಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಮೃದುವಾದ ಬ್ರಷ್‌ನಿಂದ ಒರೆಸಿ ಡ್ರೈಕ್ಲೀನಿಂಗ್‌ಗೆ ಕಳಿಸಿ. ಗ್ರೆಮಿಯಲ್ ಮನೆಯಲ್ಲೇ ಒಗೆಯಬಹುದು, ಆದರೆ ಕೋಲಾರದ ಬೋರ್‌ವೆಲ್ ಗಡಸು ನೀರಿಗೆ ಬಾರ್ ಸೋಪು ಹಾಕಿದರೆ ಲಿನನ್ ಮೇಲೆ ಬೂದು ಪದರ ಕೂರುತ್ತದೆ. ಪಾತ್ರೆ ತೊಳೆಯುವ ದ್ರವದಿಂದ ಎಣ್ಣೆ ಬಿಡಿಸಿ, ಕೊನೆಯ ಸಲ ಜಾಲಾಡುವಾಗ ಬಕೆಟ್ಟಿಗೆ ಅರ್ಧ ಲೋಟ ಬಿಳಿ ವಿನೆಗರ್ ಹಾಕಿ.

ಬಿಲ್ಲಿನಲ್ಲಿ ಬಟ್ಟೆ, ಹೊಲಿಗೆ, ಕಸೂತಿ ಬೇರೆ ಬೇರೆ ಬರೆದುಕೊಡುತ್ತಾರೆ, ಇದು ಒಳ್ಳೆಯ ಪದ್ಧತಿ. ಧರ್ಮಕೇಂದ್ರದ ಲೆಕ್ಕಕ್ಕೂ ಅನುಕೂಲ. ರೇಷ್ಮೆ ದರ ಏರಿಳಿಯುವುದರಿಂದ ಮುಂಗಡ ಕೊಟ್ಟ ದಿನದ ದರವನ್ನೇ ರಸೀತಿಯಲ್ಲಿ ಬರೆಸಿಕೊಳ್ಳಿ. ಮೈಟರ್ ಬಿಟ್ಟು ಐದೇ ವಸ್ತು ಸಾಕೆಂದರೆ ಅದರ ಹಣ ಕಳೆದು ಕೊಡುತ್ತಾರೆ, ಕೇಳಬೇಕಷ್ಟೆ. ಕೈ ಕಸೂತಿಗೆ ಆರು ವಾರ ಬೇಕು. ಪಾಸ್ಖ ಕಾಲದಲ್ಲಿ ದೃಢೀಕರಣವಿದ್ದರೆ ತಪಸ್ಸು ಕಾಲ ಶುರುವಾಗುವ ಮುಂಚೆಯೇ ಅಳತೆ ಕೊಟ್ಟುಬನ್ನಿ.