30 ರೂಪಾಯಿಯ ಕೀಚೈನ್ ಟಾರ್ಚು: ನಾಲ್ಕು ಮಳೆಗಾಲಗಳ ಬಳಕೆ, ಮನೆಯಲ್ಲೇ ಮಾಡಿಕೊಂಡ ತಿದ್ದುಪಡಿ

ಬೀಗದ ಕೈಗಳ ಜೊತೆ ಸಿಕ್ಕಿಸಿಕೊಳ್ಳುವ, ಎರಡು ಬೆರಳಿನಿಂದ ಒತ್ತಿ ಹಿಡಿದಾಗ ಮಾತ್ರ ಬೆಳಗುವ ಪ್ಲಾಸ್ಟಿಕ್ ಟಾರ್ಚುಗಳನ್ನು ನಾನು ನಾಲ್ಕು ಮಳೆಗಾಲಗಳಿಂದ ಬಳಸುತ್ತಿದ್ದೇನೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದಕ್ಕೆ 30 ರೂಪಾಯಿಯಂತೆ ಐದನ್ನು ಒಟ್ಟಿಗೆ ಕೊಂಡಿದ್ದೆ. ಅವುಗಳ ಮೇಲೆ ತಯಾರಕರ ಹೆಸರು ಇಲ್ಲ. ಅಂಗಡಿಯಿಂದ ತಂದ ಸ್ಥಿತಿಯಲ್ಲೇ ಬಳಸುವುದಾದರೆ ಇವು ಆ ಬೆಲೆಗೂ ಯೋಗ್ಯವಲ್ಲ. ಆದರೆ ಬಿಚ್ಚಿ ಒಳಗಿನ ಸೆಲ್ ಬದಲಿಸಿ, ಇನ್ನೆರಡು ಸಣ್ಣ ಕೆಲಸ ಮಾಡಿಕೊಂಡರೆ, ಸಾಗರ ತಾಲ್ಲೂಕಿನ ನಮ್ಮ ಹಳ್ಳಿಯಂತಹ ಕಡೆ, ಮಳೆಗಾಲದಲ್ಲಿ ಯಾವ ಹೊತ್ತಿಗೆ ಕರೆಂಟು ಹೋಗುತ್ತದೆಂದು ಹೇಳಲಾಗದ ಮನೆಯಲ್ಲಿ, ದಿನವೂ ಕೈಗೆ ಬರುವ ವಸ್ತುವಾಗುತ್ತವೆ.

ಮೊದಲ ವರ್ಷ ನಾನು ಏನನ್ನೂ ಬದಲಿಸಿರಲಿಲ್ಲ. ಹೊಸದರಲ್ಲಿ ಬೆಳಕು ಕಣ್ಣು ಕುಕ್ಕುವಷ್ಟಿತ್ತು. ಮೂರು ವಾರ ಕಳೆದ ಮೇಲೆ ಒಂದು ರಾತ್ರಿ ಜಗಲಿಯಲ್ಲಿ ನಿಂತು ಬೀಗದ ತೂತು ಹುಡುಕಲು ಒತ್ತಿದರೆ, ಆರಲಿರುವ ಬತ್ತಿಯ ತುದಿಯಷ್ಟು ಮಾತ್ರ ಹೊಳೆಯಿತು. ಬಲ್ಬು ಕೆಟ್ಟಿರಬೇಕೆಂದು ಭಾವಿಸಿ ಮರುದಿನ ತಿರುಪು ಬಿಚ್ಚಿದಾಗ ದೋಷ ಬೇರೆ ಕಡೆ ಇರುವುದು ಕಂಡಿತು.

ಒಳಗೆ ಇರುವುದು ಇಷ್ಟೇ: 5 ಮಿ.ಮೀ. ವ್ಯಾಸದ ಒಂದು ಎಲ್‌ಇಡಿ ಮತ್ತು ಒಂದರ ಮೇಲೊಂದು ಕೂರಿಸಿದ ಎರಡು ಸಿಆರ್ 2016 ಸೆಲ್‌ಗಳು. ಎಲ್‌ಇಡಿಯ ಒಂದು ಕಾಲು ಸೆಲ್‌ಗಳ ಅಡಿಯಲ್ಲಿ ಸದಾ ತಾಗಿಕೊಂಡಿರುತ್ತದೆ; ಇನ್ನೊಂದು ಮೇಲ್ಗಡೆ ಕೂದಲೆಳೆಯಷ್ಟು ದೂರ ನಿಂತಿದ್ದು, ನಾವು ಒತ್ತಿದಾಗ ತಾಗುತ್ತದೆ. ಬಿಳಿ ಎಲ್‌ಇಡಿಗೆ ಮೂರರಿಂದ ಮೂರೂವರೆ ವೋಲ್ಟ್ ಸಾಕು, ಎರಡು ಸೆಲ್‌ಗಳು ಸೇರಿ ಕೊಡುವುದು 6 ವೋಲ್ಟ್. ನಡುವೆ ತಡೆಯುವ ರೆಸಿಸ್ಟರ್ ಇಲ್ಲ. ಸೆಲ್‌ನೊಳಗಿನ ರೋಧವೊಂದೇ ಕಡಿವಾಣ. 20 ಮಿಲಿಆಂಪಿಯರ್‌ಗೆ ಮಾಡಿದ ಎಲ್‌ಇಡಿಯಲ್ಲಿ ಹೊಸ ಸೆಲ್ ಹಾಕಿದ ಕ್ಷಣ ನನ್ನ ಮಲ್ಟಿಮೀಟರ್ 50ರ ಆಸುಪಾಸು ತೋರಿಸಿತು. ಎರಡು ಸೆಲ್‌ಗಳನ್ನು ಹೀಗೆ ಸರಣಿಯಲ್ಲಿ ಜೋಡಿಸಿದಾಗ ವೋಲ್ಟೇಜ್ ಕೂಡುತ್ತದೆಯೇ ಹೊರತು ಸಾಮರ್ಥ್ಯ ಕೂಡುವುದಿಲ್ಲ. ಅದು ಒಂದು ಸೆಲ್‌ನ ಸುಮಾರು 90 ಮಿಲಿಆಂಪಿಯರ್-ಗಂಟೆಯಲ್ಲೇ ಉಳಿಯುತ್ತದೆ. ಇಷ್ಟು ವೇಗವಾಗಿ ಎಳೆದರೆ ಈ ಗುಂಡಿ ಸೆಲ್‌ಗಳು ಅಷ್ಟನ್ನೂ ಕೊಡಲಾರವು. ಅಂಗಡಿಯ ಮುಂದೆ ಒಂದು ಬಾರಿ ಒತ್ತಿ ನೋಡುವವರನ್ನು ಮೆಚ್ಚಿಸಲು ಮಾಡಿದ ಏರ್ಪಾಡು ಇದು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಪರಿಹಾರ ಸೆಲ್‌ನ ಹೆಸರಿನಲ್ಲೇ ಇದೆ. ಮೊದಲ ಎರಡು ಅಂಕೆಗಳು ವ್ಯಾಸವನ್ನು ಮಿಲಿಮೀಟರ್‌ಗಳಲ್ಲಿ, ಕೊನೆಯ ಎರಡು ದಪ್ಪವನ್ನು ಮಿಲಿಮೀಟರ್‌ನ ಹತ್ತನೆಯ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತವೆ. 1.6 ಮಿ.ಮೀ. ದಪ್ಪದ ಎರಡು 2016ಗಳು ಕೂತ ಜಾಗದಲ್ಲಿ 3.2 ಮಿ.ಮೀ. ದಪ್ಪದ ಒಂದು ಸಿಆರ್ 2032 ಏನನ್ನೂ ಕತ್ತರಿಸದೆ ಕೂರುತ್ತದೆ. ಅದರ ವೋಲ್ಟೇಜ್ 3, ಸಾಮರ್ಥ್ಯ ಸುಮಾರು 220 ಮಿಲಿಆಂಪಿಯರ್-ಗಂಟೆ. ಬದಲಿಸಿದ ಮೇಲೆ ಕರೆಂಟು ಐದಾರು ಮಿಲಿಆಂಪಿಯರ್‌ಗೆ ಇಳಿಯಿತು. ಬೆಳಕು ಮೊದಲಿನದಕ್ಕಿಂತ ಬಹಳ ಕಡಿಮೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಬೀಗ, ಮೆಟ್ಟಿಲು, ಫ್ಯೂಸ್ ಪೆಟ್ಟಿಗೆ, ಮಾತ್ರೆಯ ಪಟ್ಟಿಯ ಮೇಲಿನ ಅಕ್ಷರ ಕಾಣಲು ಅದು ಧಾರಾಳವಾಯಿತು. ಆಗ ಹಾಕಿದ ಸೆಲ್ ಮುಂದಿನ ಮಳೆಗಾಲದ ಮಧ್ಯದವರೆಗೆ ಬಂತು.

ಎಲ್ಲ ಎಲ್‌ಇಡಿಗಳೂ 3 ವೋಲ್ಟ್‌ಗೆ ಒಂದೇ ರೀತಿ ಬೆಳಗುವುದಿಲ್ಲ ಎಂಬುದು ಇಲ್ಲಿ ಮುಖ್ಯ. ನನ್ನ ಐದರಲ್ಲಿ ಎರಡು ತೀರ ಮಂಕಾದವು. ಅವುಗಳಿಗೆ ಬೇರೆ ಎಲ್‌ಇಡಿ ತರಲು ಹೋದಾಗ ಒಂದು ಸಿಆರ್ 2032 ಜೇಬಿನಲ್ಲಿಟ್ಟುಕೊಂಡು ಹೋಗಿ, ಅದರ ಎರಡು ಮುಖಗಳಿಗೆ ಕಾಲುಗಳನ್ನು ತಾಗಿಸಿ ಒಂದೊಂದನ್ನೂ ನೋಡಿ ಆರಿಸಿದೆ. ಉದ್ದದ ಕಾಲು ಪ್ಲಸ್ ಕಡೆಗೆ ಬರಬೇಕು. ನೀಲಿ ಛಾಯೆಯ ಬಿಳಿಯ ಬದಲು ತುಸು ಹಳದಿಗೆ ತಿರುಗಿದ ಬಿಳಿಯನ್ನೇ ಆರಿಸಿಕೊಂಡೆ. ಬಿಳಿ ಎಲ್‌ಇಡಿ ಎಂಬುದು ನಿಜಕ್ಕೂ ಹಳದಿ ಫಾಸ್ಫರ್ ಲೇಪಿಸಿದ ನೀಲಿ ಎಲ್‌ಇಡಿ. ಅಗ್ಗದವುಗಳಲ್ಲಿ ಆ ಲೇಪ ಸಮನಾಗಿರದೆ ನಡುವೆ ನೀಲಿ, ಸುತ್ತ ಹಳದಿ ಬಳೆ ಬೀಳುತ್ತದೆ. ಹಳದಿ ಛಾಯೆಯ ಬೆಳಕಿನಲ್ಲಿ ಅಂಗಳದಲ್ಲಿ ಬಿದ್ದ ಒಣ ಅಡಿಕೆ ಹಾಳೆಯ ಕಂದು ಕಂದಾಗಿಯೇ ಕಾಣುತ್ತದೆ. ಬೆಸುಗೆಯ ಅಗತ್ಯವಿಲ್ಲ, ಹಳೆಯದರ ಕಾಲುಗಳು ಹೇಗೆ ಬಾಗಿದ್ದವೋ ಹಾಗೆಯೇ ಹೊಸದನ್ನೂ ಬಾಗಿಸಿ ಕೂರಿಸಿದರೆ ಆಯಿತು.

ಎಲ್‌ಇಡಿಯ ಗುಮ್ಮಟದಂತಹ ತುದಿಯನ್ನು 400ನೇ ನಂಬರಿನ ಸ್ಯಾಂಡ್‌ಪೇಪರಿನಿಂದ ಮಂಜಾಗುವವರೆಗೆ ಉಜ್ಜಿದ್ದು ನನಗೆ ಅತ್ಯಂತ ಹಿಡಿಸಿದ ತಿದ್ದುಪಡಿ. ಕಾಸಿನಗಲದ ಚುಕ್ಕೆಯಾಗಿ ಬೀಳುತ್ತಿದ್ದ ಬೆಳಕು ಹರಡಿಕೊಂಡು, ಹತ್ತಿರದ ಕೆಲಸಕ್ಕೆ ಹಿತವಾಯಿತು. ದೂರ ಕಾಣುವುದಿಲ್ಲ, ತೋಟದ ದಾರಿಗೆ, ಹಾವಿನ ಭಯವಿರುವಲ್ಲಿಗೆ, ಹೇಗೂ ದೊಡ್ಡ ಟಾರ್ಚನ್ನೇ ಒಯ್ಯಬೇಕು.

ಜೇಬಿನಲ್ಲಿ ಬೀಗದ ಕೈಗಳ ಒತ್ತಡಕ್ಕೆ ತಾನಾಗಿ ಬೆಳಗಿ ಸೆಲ್ ಖಾಲಿಯಾಗುವುದು ಇವುಗಳ ಇನ್ನೊಂದು ದೋಷ. ಹಳೆಯ ಎಕ್ಸ್‌ರೇ ಫಿಲ್ಮಿನಿಂದ ಸೆಲ್‌ನ ಅಗಲದ ಬಿಲ್ಲೆ ಕತ್ತರಿಸಿ, ನಡುವೆ ತೂತು ಮಾಡಿ, ಸೆಲ್‌ಗೂ ಮೇಲಿನ ಕಾಲಿಗೂ ನಡುವೆ ಇಟ್ಟೆ. ಈಗ ಗಟ್ಟಿಯಾಗಿ ಒತ್ತಿದರೆ ಮಾತ್ರ ತಾಗುತ್ತದೆ. ಅಮ್ಮನ ಟಾರ್ಚಿಗೆ ಮಾತ್ರ ಇದನ್ನು ಹಾಕಲಿಲ್ಲ, ಅವರ ಬೆರಳಿನ ಗಂಟುಗಳು ನೋಯುತ್ತವೆ. ಅವರಿಗೆ ಪಕ್ಕಕ್ಕೆ ಸರಿಸಿದರೆ ಉರಿಯುತ್ತಲೇ ಇರುವ ಸ್ವಿಚ್ ಇದ್ದದ್ದನ್ನು ಕೊಟ್ಟಿದ್ದೇನೆ, ಅದು ದೇವರ ಮನೆಯ ಬಾಗಿಲ ಮೊಳೆಗೆ ತೂಗುತ್ತಿರುತ್ತದೆ.

ಮಲೆನಾಡಿನ ತೇವ ಇವುಗಳ ನಿಜವಾದ ಶತ್ರು. ಎರಡನೆಯ ಮಳೆಗಾಲದಲ್ಲಿ ಒಂದರ ಕಾಲುಗಳಿಗೆ ತುಕ್ಕು ಹಿಡಿದು ಬೆಳಕು ಮಿಣುಕತೊಡಗಿತು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಕಾಲುಗಳನ್ನೂ ಸೆಲ್‌ನ ಮುಖಗಳನ್ನೂ ತಿಕ್ಕಿ ಸ್ಪಿರಿಟ್‌ನಿಂದ ಒರೆಸಿ, ಎರಡು ಹೋಳುಗಳು ಕೂಡುವ ಅಂಚಿಗೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿದ ಮೇಲೆ ಆ ತೊಂದರೆ ಮರುಕಳಿಸಿಲ್ಲ. ರಬ್ಬರಿನ ಬಳೆ ಇರುವ ಟಾರ್ಚಾದರೆ ವ್ಯಾಸಲಿನ್ ಹಚ್ಚಬೇಡಿ, ಅದು ನೈಸರ್ಗಿಕ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ.

ಎಲ್‌ಆರ್ 44 ಸೆಲ್‌ಗಳ ಅಲ್ಯುಮಿನಿಯಂ ಕೊಳವೆಯ ಟಾರ್ಚನ್ನೂ ಒಂದು ವರ್ಷ ಬಳಸಿದೆ. ಮೂರು ಸೆಲ್ ಸೇರಿ 4.5 ವೋಲ್ಟ್ ಆಗುವುದರಿಂದ 68 ಓಮ್‌ನ ರೆಸಿಸ್ಟರ್ ಬೆಸೆದೆ, ಬೆಳಕು ಸ್ಥಿರವಾಯಿತು. ಆದರೆ ಆ ಕ್ಷಾರೀಯ ಸೆಲ್‌ಗಳು ಸೋರಿ ಸ್ಪ್ರಿಂಗನ್ನು ತಿಂದುಹಾಕಿದವು. ಅದನ್ನು ಮತ್ತೆ ಕೊಳ್ಳಲಾರೆ.

2032ರ ಟಾರ್ಚನ್ನು ಮತ್ತೆ ಕೊಳ್ಳುತ್ತೇನೆ, ಆದರೆ ತಿರುಪಿರುವುದನ್ನು ಮಾತ್ರ. ಉಗುರಿನಿಂದ ಬಿಚ್ಚಿಕೊಳ್ಳುವ ಮಾದರಿಯ ಒಂದನ್ನು ಅಕ್ಕನ ಎರಡು ವರ್ಷದ ಮಗಳು ಬಂದಿದ್ದಾಗ ನೆಲದ ಮೇಲೆ ತೆರೆದ ಸ್ಥಿತಿಯಲ್ಲಿ ಕಂಡು ನನಗೆ ಎದೆ ಝಲ್ಲೆಂದಿತು. ಸೆಲ್ ಪಕ್ಕದಲ್ಲೇ ಬಿದ್ದಿತ್ತು. ಮಗು ನುಂಗಿದ ಗುಂಡಿ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಗಂಭೀರವಾಗಿ ಸುಡಬಲ್ಲದು, ಖಾಲಿಯಾದ ಸೆಲ್‌ನಿಂದಲೂ ಈ ಅಪಾಯ ತಪ್ಪಿದ್ದಲ್ಲ. ಆ ಟಾರ್ಚನ್ನು ಅದೇ ದಿನ ಮನೆಯಿಂದ ಹೊರಗೆ ಹಾಕಿದೆ. ಉಳಿದ ಹೊಸ ಹಾಗೂ ಹಳೆಯ ಸೆಲ್‌ಗಳು ಈಗ ಎರಡೂ ಮುಖಕ್ಕೆ ಟೇಪ್ ಸುತ್ತಿಕೊಂಡು, ಬೀರುವಿನ ಮೇಲಿನ ಅರೆಯಲ್ಲಿ, ಬೀಗ ಹಾಕಿದ ಡಬ್ಬಿಯಲ್ಲಿವೆ.