ಬದಿಯಡ್ಕದ ಶನಿವಾರದ ತರಗತಿ: ಆಸೆಯೋ, ಮೇಲುಗೈಯೋ?

ಬದಿಯಡ್ಕ ಹತ್ತಿರದ ಗ್ರಂಥಾಲಯವೊಂದರಲ್ಲಿ ಮೂರು ಶನಿವಾರ ಸಂಜೆ ನಡೆದ ಮನಶ್ಶಾಸ್ತ್ರ ತರಗತಿ ಇದು. ನಾನು ನರ್ಸ್. ಕಾಸರಗೋಡಿನಲ್ಲಿ ಇಂಥದ್ದೆಲ್ಲ ಹೆಚ್ಚಾಗಿ ಮಲಯಾಳದಲ್ಲೇ ಸಿಗುವುದು. ಇದು ಪೂರ್ತಿ ಕನ್ನಡದಲ್ಲಿ ಅಂತ ಗೊತ್ತಾಗಿ ಡ್ಯೂಟಿ ಬದಲಾಯಿಸಿಕೊಂಡು ಹೋದೆ.

ಮೊದಲ ಸಂಜೆ ಫ್ರಾಯ್ಡ್, ಮನೋವಿಶ್ಲೇಷಣೆ ಶುರು ಮಾಡಿದ ವಿಯೆನ್ನಾದ ವೈದ್ಯರು. ಒಪ್ಪಿಕೊಳ್ಳಲಾಗದ ಆಸೆಯನ್ನು ಮನಸ್ಸು ಅದುಮಿಡುತ್ತದೆ, ಅದು ಕಾಯಿಲೆಯ ವೇಷದಲ್ಲಿ ಹೊರಗೆ ಬರುತ್ತದೆ. ಇದಕ್ಕೆ ಮಾಷ್ಟ್ರು ಸ್ವಿಸ್ ಮನೋವೈದ್ಯ ಯೂಂಗ್ ಬರೆದ ಒಂದು ಪ್ರಕರಣ ಹೇಳಿದರು. ಗೆಳತಿಯ ಮನೆಯ ಪಾರ್ಟಿ ಮುಗಿಸಿ ರಾತ್ರಿ ಹೊರಟ ಯುವತಿ. ಹಿಂದಿನಿಂದ ಕುದುರೆಗಾಡಿ ಬಂತು. ಉಳಿದವರು ಬದಿಗೆ ಸರಿದರು, ಇವಳು ಕುದುರೆಗಳ ಮುಂದೆಯೇ ಓಡಿದಳು. ಚಿಕ್ಕಂದಿನಲ್ಲೂ ಕುದುರೆಯಿಂದ ಹೆದರಿದ್ದಳು, ಹಾಗಾಗಿ ಕಾರಣ ಅದೇ ಅನ್ನಿಸುತ್ತದೆ ಅಲ್ವಾ? ಆದರೆ ಅವಳನ್ನು ಎತ್ತಿಕೊಂಡು ಹೋದದ್ದು ಪಾರ್ಟಿ ನಡೆದ ಮನೆಗೇ. ಗೆಳತಿ ಅಂದೇ ಊರು ಬಿಟ್ಟಿದ್ದಳು. ಮನೆಯಲ್ಲಿದ್ದದ್ದು ಗೆಳತಿಯ ಗಂಡ, ಇವಳು ಮನಸ್ಸಿನಲ್ಲೇ ಇಷ್ಟಪಟ್ಟವನು. ಅವನ ಬಳಿಗೆ ಮರಳುವ ಆಸೆಯೇ ಭಯದ ವೇಷ ಹಾಕಿತ್ತು. ತರಗತಿಯಲ್ಲಿ ಯಾರೂ ಮಾತಾಡಲಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ವಿಯೆನ್ನಾದ ಇನ್ನೊಬ್ಬ ವೈದ್ಯ ಆಡ್ಲರ್. 1902ರಲ್ಲಿ ಫ್ರಾಯ್ಡ್ ಬಳಗ ಸೇರಿ 1911ರಲ್ಲಿ ಹೊರಬಂದವರು. ಕೀಳರಿಮೆಯನ್ನು ಮೀರಲು ಮನುಷ್ಯ ಮೇಲುಗೈ ಹುಡುಕುತ್ತಾನೆ, ಕಾಯಿಲೆಯೂ ಅದಕ್ಕೆ ಒದಗುತ್ತದೆ ಅನ್ನುವುದು ಅವರ ವಾದ. 'ಗುಣವಾದರೆ ಏನು ಮಾಡುತ್ತೀರಿ?' ಅಂತ ರೋಗಿಯನ್ನು ಕೇಳುತ್ತಿದ್ದರು. ಕಾಯಿಲೆ ಯಾವುದರಿಂದ ತಪ್ಪಿಸುತ್ತಿದೆ ಅನ್ನುವುದು ಉತ್ತರದಲ್ಲೇ ಸಿಗುತ್ತಿತ್ತು.

ಆಗ ಹಿಂದಿನ ಬೆಂಚಿನ ಒಬ್ಬರು, ಮಗ ದುಬೈಗೆ ಹೊರಡುವ ವಾರವೇ ಹಾಸಿಗೆ ಹಿಡಿಯುವ ಅತ್ತಿಗೆಯ ತಲೆನೋವಿನ ಬಗ್ಗೆ ಕೇಳಿದರು. ಮಾಷ್ಟ್ರು ತೀರ್ಪು ಕೊಡಲಿಲ್ಲ. ನೋವು ನಿಜ, ನಾಟಕ ಅನ್ನಬೇಡಿ ಅಂದರು. ಬಾಯಿಬಿಟ್ಟು ಹೇಳಲಾಗದ ಯಾವ ಆಸೆ ಅವರಿಗಿದೆ? ಆ ತಲೆನೋವಿನಿಂದ ಮನೆಯಲ್ಲಿ ಯಾರ ಮಾತು ನಡೆಯುತ್ತದೆ? ಎರಡನ್ನೂ ಕೇಳಿ ನೋಡಿ ಅಂದರು. ವಾರ್ಡಿನಲ್ಲಿ ಇಂಥವರನ್ನು ಎಷ್ಟೋ ಸಲ ನೋಡಿದ್ದೇನೆ. ನಾವು ಮಾತ್ರೆ ಕೊಟ್ಟು ಕಳಿಸುತ್ತೇವೆ, ಕೇಳುವುದಿಲ್ಲ.

ಕೊರತೆ ಇರುವುದು ಮೂರನೇ ಸಂಜೆಯಲ್ಲಿ. ಪೆರ್ಲದ ಕಡೆಯವರಿಗೆ ಬಸ್ಸು ತಪ್ಪುತ್ತದೆ ಅಂತ ಯೂಂಗ್ ಕುರಿತ ಪಾಠ ಅರ್ಧ ಗಂಟೆಯಲ್ಲಿ ಮುಗಿಯಿತು. ಫ್ರಾಯ್ಡ್ ಬಹಿರ್ಮುಖಿಯ (ಹೊರಗಿನ ಜನ, ವಸ್ತುಗಳತ್ತ ಮನಸ್ಸು ಇರುವವನ) ಕಣ್ಣಿನಿಂದ ನೋಡಿದರು, ಆಡ್ಲರ್ ಅಂತರ್ಮುಖಿಯ (ತನ್ನೊಳಗಿನತ್ತ ಮನಸ್ಸು ಇರುವವನ) ಕಣ್ಣಿನಿಂದ, ಹಾಗಾಗಿ ಇಬ್ಬರದೂ ಸರಿ ಅನ್ನುವ ಯೂಂಗ್ ಮಾತಿಗೆ ಒಂದು ಪೂರ್ತಿ ಸಂಜೆ ಬೇಕಿತ್ತು. ಝೆರಾಕ್ಸ್ ಹಾಳೆಯ ಅಕ್ಷರ ತೀರಾ ಸಣ್ಣದು. ಚಾ, ಗೋಳಿಬಜೆ ಚೆನ್ನಾಗಿತ್ತು.

ಮುಂದಿನ ಸಲ ದಯವಿಟ್ಟು ಮಧ್ಯಾಹ್ನವೇ ಶುರು ಮಾಡಿ. ಆಸ್ಪತ್ರೆಯ ಇಬ್ಬರು ಗೆಳತಿಯರೂ ನನ್ನ ಜೊತೆ ಬರುತ್ತಾರೆ.