ಡ್ರೈನ್ ಬೋಲ್ಟಿಗೆ ಮ್ಯಾಗ್ನೆಟ್ ಅಂಟಿಸಬೇಡಿ

ಎಂಜಿನ್ ಆಯಿಲ್‌ನಲ್ಲಿರುವ ಕಬ್ಬಿಣದ ಪುಡಿ ಹಿಡಿಯಲಿ ಎಂದು ಒಂದು 100 ಸಿಸಿ ಬೈಕಿನ ಡ್ರೈನ್ ಬೋಲ್ಟಿನ (ಆಯಿಲ್ ಇಳಿಸಲು ಎಂಜಿನ್ನಿನ ತಳದಲ್ಲಿರುವ ಬೋಲ್ಟ್) ತುದಿಗೆ 8 ಮಿ.ಮೀ. ಅಗಲದ ನಿಯೋಡೈಮಿಯಂ ಮ್ಯಾಗ್ನೆಟ್ ಬಿಲ್ಲೆಯೊಂದನ್ನು ಎಪಾಕ್ಸಿಯಿಂದ ಅಂಟಿಸಲಾಗಿತ್ತು. ಮುಂದಿನ ಸಲ ಆಯಿಲ್ ಇಳಿಸಿದಾಗ ಬೋಲ್ಟಿನ ಮೇಲೆ ಉಳಿದಿದ್ದು ಅಂಟಿನ ಕಲೆ ಮಾತ್ರ. ಅಷ್ಟರಲ್ಲಾಗಲೇ ಗೇರ್‌ಬಾಕ್ಸಿನಿಂದ ಕಟಕಟ ಸದ್ದು ಶುರುವಾಗಿತ್ತು.

ಇಂಥ ಬೈಕುಗಳಲ್ಲಿ ಎಂಜಿನ್, ಕ್ಲಚ್, ಗೇರ್ ಮೂರಕ್ಕೂ ಒಂದೇ ಆಯಿಲ್. ಕಳಚಿದ ಮ್ಯಾಗ್ನೆಟ್ ತಳದಲ್ಲಿ ಸುಮ್ಮನೆ ಕೂರುವುದಿಲ್ಲ, ಹತ್ತಿರದ ಗೇರಿಗೆ ಹೋಗಿ ಕಚ್ಚಿಕೊಳ್ಳುತ್ತದೆ. ನಿಯೋಡೈಮಿಯಂ ನೋಡಲು ಲೋಹ, ಪೆಟ್ಟು ಬಿದ್ದರೆ ಗಾಜಿನ ಹಾಗೆ ಪುಡಿ. ಬಿಚ್ಚಿ ನೋಡಿದಾಗ ಹಲ್ಲುಗಳ ಸಂದಿಯಲ್ಲಿ ಕಪ್ಪು ಚೂರುಗಳು ಮುಳ್ಳಿನಂತೆ ನಿಂತಿದ್ದವು, ನಿಕ್ಕಲ್ ಲೇಪನ ಕಾಗದದಂತೆ ಸುಲಿದು ಬಂದಿತ್ತು. ಫ್ಲಶ್ ಮಾಡಿದರೂ ಇವು ಬರುವುದಿಲ್ಲ. ಒಡೆದರೂ ಪ್ರತಿ ಚೂರೂ ಮ್ಯಾಗ್ನೆಟ್ಟೇ ಅಲ್ಲವೇ, ಉಕ್ಕು ಕಂಡಲ್ಲೆಲ್ಲ ಹಿಡಿದುಕೊಳ್ಳುತ್ತದೆ. ಕೊನೆಗೆ ಎಂಜಿನ್ನಿನ ಕೆಳಕವಚವಾದ ಕ್ರ್ಯಾಂಕ್‌ಕೇಸನ್ನೇ ಬಿಚ್ಚಬೇಕಾಯಿತು.

ಅಂಟು ಒಂದುವೇಳೆ ನಿಂತರೂ ಲಾಭ ಕಡಿಮೆ. ಸಾಮಾನ್ಯ ಗ್ರೇಡಿನ ನಿಯೋಡೈಮಿಯಂ ತಾಳುವುದು ಸುಮಾರು 80 ಡಿಗ್ರಿ ಸೆಲ್ಸಿಯಸ್‌ವರೆಗೆ. ಟ್ರಾಫಿಕ್ಕಿನಲ್ಲಿ ಗಾಳಿಯಿಂದ ತಣಿಯುವ ಎಂಜಿನ್ನಿನ ಆಯಿಲ್ 100 ದಾಟುವುದು ಮಾಮೂಲು. ಆ ಬಿಸಿಗೆ ಕಳೆದುಕೊಂಡ ಶಕ್ತಿ ತಣ್ಣಗಾದ ಮೇಲೂ ಮರಳುವುದಿಲ್ಲ. ಎಸ್‌ಎಚ್ ಗ್ರೇಡ್ ಆದರೆ 150ರವರೆಗೆ ತಾಳುತ್ತದೆ, ಸಮೇರಿಯಂ ಕೋಬಾಲ್ಟ್ ಎಂಬ ಬೇರೆ ಬಗೆಯ ಮ್ಯಾಗ್ನೆಟ್ ಇನ್ನೂ ಹೆಚ್ಚು. ಆದರೆ ಬಿಡಿಯಾಗಿ ಮಾರುವ ಅಗ್ಗದ ಬಿಲ್ಲೆಗಳಲ್ಲಿ ಗ್ರೇಡ್ ಬರೆದಿರುವುದೇ ಅಪರೂಪ.

ಮ್ಯಾಗ್ನೆಟ್ ಬೇಕೇ ಬೇಕು ಎಂದರೆ ಬೋಲ್ಟಿನೊಳಗೆ ಕುಳಿ ತೆಗೆದು, ಒತ್ತಿ ಕೂರಿಸಿ, ಅಂಚು ಮಡಚಿರುವ ರೆಡಿಮೇಡ್ ಡ್ರೈನ್ ಬೋಲ್ಟನ್ನೇ ತನ್ನಿ. ಹಾಕುವ ಮೊದಲು ಮ್ಯಾಗ್ನೆಟ್ಟನ್ನು ಪ್ಲಯರ್‌ನಲ್ಲಿ ಹಿಡಿದು ಎಳೆದು ನೋಡಿ, ಸ್ವಲ್ಪ ಅಲ್ಲಾಡಿದರೂ ವಾಪಸ್ ಕೊಡಿ. ಥ್ರೆಡ್ಡಿನ ಅಳತೆ, ಪಿಚ್ (ಸುರುಳಿಗಳ ನಡುವಿನ ಅಂತರ) ಎರಡೂ ಹೊಂದಬೇಕು. ಉದ್ದ ಹಳೆಯ ಬೋಲ್ಟಿಗಿಂತ ಹೆಚ್ಚಿದ್ದರೆ ಒಳಗೆ ಏನಕ್ಕಾದರೂ ತಾಗೀತು. ವಾಷರ್ ಹೊಸದಿರಲಿ. ಬಿಗಿಯನ್ನು ಮ್ಯಾನ್ಯುಯಲ್ ನೋಡಿ ಟಾರ್ಕ್ ರೆಂಚಿನಲ್ಲೇ ಕೊಡಿ. ಅಲ್ಯೂಮಿನಿಯಂ ಥ್ರೆಡ್ ಕಿತ್ತರೆ ಅದು ಬೇರೆಯೇ ಖರ್ಚು.

ಪ್ರತಿ ಆಯಿಲ್ ಬದಲಾವಣೆಗೂ ಮ್ಯಾಗ್ನೆಟ್ ಒರೆಸಿ ನೋಡಿ. ಬೆರಳಿಗೆ ನುಣ್ಣಗೆ ಸಿಗುವ ಬೂದು ಪೇಸ್ಟಿಗೆ ಹೆದರಬೇಕಿಲ್ಲ, ಅದು ಮಾಮೂಲಿ ಸವೆತ. ಹೊಳೆಯುವ ಚಕ್ಕೆ, ಸೂಜಿಯಂಥ ಎಳೆ ಸಿಕ್ಕರೆ ಗೇರ್ ಅಥವಾ ಬೇರಿಂಗ್ ಪರೀಕ್ಷಿಸಿ. ಮ್ಯಾಗ್ನೆಟ್ ಸ್ವಚ್ಛವಾಗಿದೆ ಎಂದು ನಿಶ್ಚಿಂತೆಯಿಂದಲೂ ಇರಬೇಡಿ: ಪಿಸ್ಟನ್ನಿನ ಅಲ್ಯೂಮಿನಿಯಂ, ಬುಷ್‌ಗಳ ಕಂಚು, ಏರ್ ಫಿಲ್ಟರ್ ದಾಟಿ ಬಂದ ಧೂಳು, ಇವು ಯಾವುವೂ ಅದಕ್ಕೆ ಅಂಟುವುದಿಲ್ಲ.

ಈಗಾಗಲೇ ಅಂಟಿಸಿದ್ದರೆ ಆಯಿಲ್ ಇಳಿಸಿ ಬೋಲ್ಟನ್ನು ತೆಗೆದು ನೋಡಿ. ಮ್ಯಾಗ್ನೆಟ್ ಅಲ್ಲಿಲ್ಲದಿದ್ದರೆ ಕಿಕ್ ಹೊಡೆಯಬೇಡಿ, ಸೆಲ್ಫ್ ಕೂಡ ಒತ್ತಬೇಡಿ. ಉಕ್ಕಿನ ಕಡ್ಡಿಯನ್ನು ತೂತಿನೊಳಗೆ ಬಿಟ್ಟು ತಡಕಿ; ಇಡಿಯಾಗಿದ್ದರೆ ಅದಕ್ಕೇ ಅಂಟಿ ಬರಬಹುದು. ಬರದಿದ್ದರೆ ಬೈಕನ್ನು ನ್ಯೂಟ್ರಲ್‌ನಲ್ಲಿಟ್ಟು ಟೆಂಪೋ ಹತ್ತಿಸಿ ಗ್ಯಾರೇಜಿಗೆ ಒಯ್ದು, ಕ್ಲಚ್ ಕವರ್ ತೆಗೆಸಿ ಆಯಿಲ್ ಸೋಸುವ ಸ್ಟ್ರೈನರ್ ಜಾಲರಿಯಿಂದಲೇ ಹುಡುಕಾಟ ಶುರು ಮಾಡಿಸಿ.